ಅನುಪಾನದ ಬಲವೂ ಅದರ ಹೊಣೆಯೂ

ಔಷಧವನ್ನು ಜೇನಿನಲ್ಲಿ ಕೊಡಬೇಕೋ, ತುಪ್ಪದಲ್ಲಿಯೋ, ಬಿಸಿನೀರಿನಲ್ಲಿಯೋ ಎಂಬುದನ್ನು ಮೊದಲು ನಿರ್ಣಯಿಸುವುದು ನಮ್ಮ ವೈದ್ಯರ ಸಂಪ್ರದಾಯ. ಇದಕ್ಕೆ ಅನುಪಾನವೆಂದು ಹೆಸರು. ಶುಂಠಿ, ಮೆಣಸು, ಹಿಪ್ಪಲಿಗಳು ಕೂಡಿದ ತ್ರಿಕಟುವು ಅನೇಕ ಯೋಗಗಳಲ್ಲಿ ಸೇರಿರುವುದೂ ಸರ್ವವಿದಿತವಷ್ಟೆ. ಇದೆಲ್ಲವನ್ನೂ ಬರಿಯ ರೂಢಿಯೆಂದು ನಕ್ಕವರುಂಟು. ಆ ನಗೆಗೆ ಆಧಾರ ಸಾಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಮಾಣ ದೊರೆತಿದೆ.

ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಿ. ಕೆ. ಅಟಲ್ ಮತ್ತು ಅವರ ಸಂಗಡಿಗರು, ತ್ರಿಕಟುವು ಇತರ ಔಷಧಗಳನ್ನು ರಕ್ತದಲ್ಲಿ ಹೆಚ್ಚಾಗಿ ನಿಲ್ಲಿಸಬಲ್ಲುದೆಂಬುದನ್ನು 1981ರಲ್ಲಿ ಪ್ರಕಟಪಡಿಸಿದರು. ಅರಿಶಿನದ ಸತ್ವವಾದ ಕರ್ಕ್ಯುಮಿನ್ನನ್ನು ಕುರಿತು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ಪ್ರಯೋಗವು 1998ರಲ್ಲಿ ಹೊರಬಂದಿತು. ಕರ್ಕ್ಯುಮಿನ್ನನ್ನು ಕರುಳೂ ಯಕೃತ್ತೂ ಬೇಗನೆ ಮಾರ್ಪಡಿಸಿಬಿಡುವುದರಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರ 2 ಗ್ರಾಂಗೆ ಮೆಣಸಿನ ಸತ್ವವಾದ ಪೈಪರಿನ್ನನ್ನು ಕೇವಲ 20 ಮಿಲಿಗ್ರಾಂ ಕೂಡಿಸಿ ಆರೋಗ್ಯವಂತರಿಗೆ ಕೊಟ್ಟಾಗ, ದೇಹಕ್ಕೆ ದಕ್ಕಿದ ಅಂಶವು ಶೇಕಡ 2000ದಷ್ಟು ಹೆಚ್ಚಿತು. ಮಾರ್ಪಡಿಸುವ ಕಿಣ್ವಗಳನ್ನು ಪೈಪರಿನ್ ತಡೆಯುವುದೇ ಇದಕ್ಕೆ ಮುಖ್ಯ ಕಾರಣ. ಇದೇ ತತ್ತ್ವದ ಮೇಲೆ ಸಿದ್ಧವಾದ ಕ್ಷಯರೋಗದ ಔಷಧವೊಂದರಲ್ಲಿ 10 ಮಿಲಿಗ್ರಾಂ ಪೈಪರಿನ್ ಬೆರೆಸಿ, ರಿಫಾಂಪಿಸಿನ್ನನ್ನು 450ರಿಂದ 200 ಮಿಲಿಗ್ರಾಂಗೆ ಇಳಿಸಲಾಯಿತು.

ಇದು ನಮಗೆ ಅಭಿಮಾನದ ವಿಷಯವೇ ಸರಿ. ಆದರೆ ಮೆಣಸು ತೆರೆಯುವ ಬಾಗಿಲು ಅರಿಶಿನಕ್ಕೆ ಮಾತ್ರ ತೆರೆಯುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಪ್ರಮಾಣವೂ ಪೈಪರಿನ್ನಿನಿಂದ ರಕ್ತದಲ್ಲಿ ಏರುವುದು ಪರೀಕ್ಷೆಗಳಿಂದ ಗೊತ್ತಾಗಿದೆ. ಫೆನಿಟಾಯಿನ್ನಿನಂತಹ ಮದ್ದು ಸ್ವಲ್ಪ ಮಿತಿಮೀರಿದರೂ ವಿಷವಾಗುತ್ತದೆ. ಊಟದ ಸಾರಿನ ಮೆಣಸಿಗೆ ಯಾರೂ ಅಂಜಬೇಕಾಗಿಲ್ಲ. ಸತ್ವವನ್ನು ಸಾಂದ್ರಗೊಳಿಸಿ ಮಾರುವ ಗುಳಿಗೆಗಳ ವಿಷಯದಲ್ಲಿ ಎಚ್ಚರ ಬೇಕು.

ನಮ್ಮ ಹಿರಿಯರು ರೋಗಿಯ ಪ್ರಕೃತಿಯನ್ನೂ ವಯಸ್ಸನ್ನೂ ಕಂಡು ಅನುಪಾನವನ್ನು ವಿಧಿಸಿದರು. ಇಂದಿನ ಅಂಗಡಿಯು ರೋಗಿಯನ್ನು ನೋಡದೆಯೇ ಮಾರುತ್ತದೆ. ಆದುದರಿಂದ ಇಂತಹ ಗುಳಿಗೆಗಳ ಮೇಲೆ ಪೈಪರಿನ್ನಿನ ತೂಕವನ್ನೂ, ಕೂಡದ ಔಷಧಗಳ ಹೆಸರನ್ನೂ ಸ್ಪಷ್ಟವಾಗಿ ಅಚ್ಚುಮಾಡಿಸುವುದು ಅಧಿಕಾರಿಗಳ ಕರ್ತವ್ಯ. ತಾನು ಸೇವಿಸುವುದೆಲ್ಲವನ್ನೂ ವೈದ್ಯನಿಗೆ ತಿಳಿಸುವುದು ರೋಗಿಯ ಕರ್ತವ್ಯ. ಅದನ್ನು ಕೇಳಿ ತಿಳಿಯುವುದು ವೈದ್ಯನ ಕರ್ತವ್ಯ. ಪೂರ್ವಿಕರ ವಿದ್ಯೆಯನ್ನು ಹೊಗಳುವುದು ಸುಲಭ. ಅವರ ವಿವೇಕವನ್ನೂ ಉಳಿಸಿಕೊಂಡರೆ ಮಾತ್ರ ಆ ಹೊಗಳಿಕೆ ನಮಗೆ ಶೋಭಿಸುತ್ತದೆ.