ಮುಳ್ಳು ಅಲುಗಲಿಲ್ಲ ಎಂದರೆ ಕರೆಂಟ್ ಇಲ್ಲವೆ?

ಡಿಜಿಟಲ್ ಮೀಟರ್ ಅಗ್ಗವಾದ ಮೇಲೂ ಐಟಿಐ ವರ್ಕ್‌ಶಾಪು, ಮೋಟಾರ್ ರೀವೈಂಡಿಂಗ್ ಅಂಗಡಿ, ರೇಡಿಯೊ ರಿಪೇರಿಯವರ ಮೇಜಿನಿಂದ ಮುಳ್ಳಿನ ಮಲ್ಟಿಮೀಟರ್ ಪೂರ್ತಿ ಮಾಯವಾಗಿಲ್ಲ. ಅದರ ಜೊತೆಗೇ ಕೆಲವು ನಂಬಿಕೆಗಳೂ ಉಳಿದುಕೊಂಡಿವೆ. ಅವುಗಳಲ್ಲಿ ಕೆಲವು ಅಳತೆ ಕೆಡಿಸುತ್ತವೆ, ಕೆಲವು ಪ್ರಾಣಕ್ಕೇ ಎರವಾಗುತ್ತವೆ.

ನಂಬಿಕೆ: ಮುಳ್ಳು ಸೊನ್ನೆಯಲ್ಲೇ ನಿಂತರೆ ತಂತಿ ಮುಟ್ಟಬಹುದು.

ಸತ್ಯ: ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ನಾಬ್ ಡಿಸಿ ವೋಲ್ಟ್‌ನಲ್ಲಿದ್ದರೆ ಮನೆಯ 230 ವೋಲ್ಟ್ ಎಸಿಗೆ ಪ್ರೋಬ್ ಇಟ್ಟರೂ ಮುಳ್ಳು ಸೊನ್ನೆಯ ಬಳಿಯೇ ಇರುತ್ತದೆ. ಅತ್ತಿತ್ತ ಎಳೆಯುವ 50 ಹರ್ಟ್ಸ್ ಎಸಿಯನ್ನು ಹಿಂಬಾಲಿಸುವಷ್ಟು ಚುರುಕು ಅದಕ್ಕಿಲ್ಲ. ಪ್ರೋಬಿನ ವೈರ್ ಒಳಗೇ ತುಂಡಾಗಿದ್ದರೂ ಮೀಟರಿನ ಫ್ಯೂಸ್ ಹೋಗಿದ್ದರೂ ಇದೇ ಕಥೆ. ನ್ಯೂಟ್ರಲ್ ಕಡಿದಿದ್ದರಂತೂ ಫೇಸ್-ನ್ಯೂಟ್ರಲ್ ನಡುವೆ ಸೊನ್ನೆ ತೋರಿಸಬಹುದು. ಫೇಸ್ ಮತ್ತು ಅರ್ತ್ ನಡುವೆ ಮಾತ್ರ ಪೂರ್ತಿ 230 ವೋಲ್ಟ್ ಕಾದಿರುತ್ತದೆ. ಆದ್ದರಿಂದ ಮೊದಲು ಕರೆಂಟ್ ಇರುವುದು ಖಾತ್ರಿಯಾದ ಸಾಕೆಟ್‌ನಲ್ಲಿ ಮೀಟರ್ ಪರೀಕ್ಷಿಸಿ. ಆಮೇಲೆ ಕೆಲಸದ ಜಾಗದಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ನೋಡಿ. ಕೊನೆಗೆ ಮತ್ತೆ ಅದೇ ಸಾಕೆಟ್‌ಗೆ ಹಚ್ಚಿ, ಮೀಟರ್ ನಡುವೆ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನಂಬಿಕೆ: ಎಷ್ಟು ಆಂಪಿಯರ್ ಎಂದು ತಿಳಿಯಲು ಪ್ರೋಬ್‌ಗಳನ್ನು ಸಾಕೆಟ್‌ಗೆ ತೂರಿಸಿದರಾಯಿತು.

ಸತ್ಯ: ವೋಲ್ಟೇಜನ್ನು ಅಡ್ಡಲಾಗಿ ಅಳೆಯಬೇಕು, ಆಂಪಿಯರನ್ನು ಸಾಲಿನಲ್ಲಿ. ಆಂಪಿಯರ್ ರೇಂಜಿನಲ್ಲಿ ಮೀಟರಿನ ರೋಧ ಬಹಳ ಕಡಿಮೆ. ಹಾಗೆಯೇ ಸಾಕೆಟ್‌ಗೆ ಹಚ್ಚಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಅಲ್ಲದೆ ಸಾಮಾನ್ಯ ಮುಳ್ಳಿನ ಮೀಟರ್‌ಗಳಲ್ಲಿ ಎಸಿ ಆಂಪಿಯರ್ ರೇಂಜೇ ಇರುವುದಿಲ್ಲ, ಡಿಸಿಯದೂ ಹೆಚ್ಚಾಗಿ 250 ಮಿಲಿಆಂಪಿಯರ್‌ಗೆ ಮುಗಿಯುತ್ತದೆ. 100 ವ್ಯಾಟ್ ಬಲ್ಬ್ ಒಂದೇ ಸುಮಾರು 430 ಮಿಲಿಆಂಪಿಯರ್ ಎಳೆಯುತ್ತದೆ. ಮನೆಯ ಲೋಡ್ ಅಳೆಯಲು ಕ್ಲ್ಯಾಂಪ್ ಮೀಟರ್ ಬೇಕು.

ನಂಬಿಕೆ: ಸ್ವಿಚ್ ಆಫ್ ಮಾಡಿದರೆ ಓಮ್ ಅಳೆಯಬಹುದು.

ಸತ್ಯ: ಪ್ಲಗ್ಗನ್ನೇ ಕೀಳಬೇಕು, ಕೆಪಾಸಿಟರ್‌ನ ಚಾರ್ಜೂ ಇಳಿಯಬೇಕು. 230 ವೋಲ್ಟ್ ಎಸಿಯ ಶಿಖರ ಸುಮಾರು 325 ವೋಲ್ಟ್. ಟಿವಿ, ಕಂಪ್ಯೂಟರ್ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್ ಅಷ್ಟನ್ನು ಹಿಡಿದಿಟ್ಟುಕೊಂಡಿರಬಲ್ಲದು. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸದೆ ತಕ್ಕ ರೆಸಿಸ್ಟರ್ ಮೂಲಕ ಇಳಿಸಿ, ಡಿಸಿ ರೇಂಜಿನಲ್ಲಿ ನೋಡಿ, ಆಮೇಲೆ ಓಮ್‌ಗೆ ಬನ್ನಿ. ರೇಂಜ್ ಬದಲಿಸಿದಾಗಲೆಲ್ಲ ಪ್ರೋಬ್‌ಗಳನ್ನು ತಾಗಿಸಿ ಸೊನ್ನೆ ಹೊಂದಿಸಿ. ಮುಳ್ಳು ಸೊನ್ನೆ ಮುಟ್ಟದಿದ್ದರೆ ಬ್ಯಾಟರಿ ಸೋತಿರಬಹುದು.

ನಂಬಿಕೆ: ಕೆಂಪು ಪ್ರೋಬ್ ಯಾವಾಗಲೂ ಪ್ಲಸ್.

ಸತ್ಯ: ವೋಲ್ಟ್ ಅಳೆಯುವಾಗ ಹೌದು. ಓಮ್ ರೇಂಜಿನಲ್ಲಿ ಬಹುಪಾಲು ಮುಳ್ಳಿನ ಮೀಟರ್‌ಗಳ ಒಳಗಿನ ಬ್ಯಾಟರಿಯ ಪ್ಲಸ್ ಕಪ್ಪು ಪ್ರೋಬ್‌ಗೆ ಬಂದಿರುತ್ತದೆ. ಇದು ಗೊತ್ತಿಲ್ಲದವರು ಸರಿಯಿರುವ ಡಯೋಡನ್ನೇ ತಿರುಗುಮುರುಗಾಗಿ ಓದುತ್ತಾರೆ.

ನಂಬಿಕೆ: ದೊಡ್ಡ ರೇಂಜಿನಲ್ಲೇ ಇಟ್ಟರೆ ಸುರಕ್ಷಿತವೂ ಹೌದು, ನಿಖರವೂ ಹೌದು.

ಸತ್ಯ: ಮೊದಲರ್ಧ ಮಾತ್ರ ಸರಿ. ಮುಳ್ಳಿನ ಮೀಟರಿನ ದೋಷವನ್ನು ಪೂರ್ತಿ ಸ್ಕೇಲಿನ ಶೇಕಡಾವಾರಾಗಿ ಹೇಳುತ್ತಾರೆ. 250 ವೋಲ್ಟ್ ರೇಂಜಿನಲ್ಲಿ ಶೇ. 3 ಎಂದರೆ 7.5 ವೋಲ್ಟ್, ಸ್ಕೂಟರಿನ 12 ವೋಲ್ಟ್ ಬ್ಯಾಟರಿ 4.5 ಎಂದೋ 19.5 ಎಂದೋ ಕಾಣಬಹುದು. ದೊಡ್ಡದರಿಂದ ಶುರುಮಾಡಿ, ಪ್ರೋಬ್ ತೆಗೆದು ರೇಂಜ್ ಇಳಿಸುತ್ತ ಬನ್ನಿ. 50ರ ರೇಂಜಿನಲ್ಲೂ 1.5 ವೋಲ್ಟ್ ಏರುಪೇರು ಇದ್ದೇ ಇರುತ್ತದೆ. ಬ್ಯಾಟರಿ ಎಷ್ಟು ತುಂಬಿದೆ ಎಂದು ತಿಳಿಯಲು ಡಿಜಿಟಲ್ ಮೀಟರೇ ವಾಸಿ.

ನಂಬಿಕೆ: ಡಯಲ್ ಮೇಲೆ 1000 ವೋಲ್ಟ್ ಎಂದಿದ್ದರೆ ಎಲ್ಲಿ ಬೇಕಾದರೂ ಬಳಸಬಹುದು.

ಸತ್ಯ: ಅದು ಅಳೆಯಬಲ್ಲ ಮಿತಿ ಮಾತ್ರ. ಲೈನಿನಲ್ಲಿ ಕ್ಷಣಮಾತ್ರ ಏರುವ ವೋಲ್ಟೇಜನ್ನು ಮೀಟರ್ ತಾಳುತ್ತದೆಯೇ ಎಂಬುದನ್ನು ಕ್ಯಾಟ್ ದರ್ಜೆ ಹೇಳುತ್ತದೆ: ಗೋಡೆಯ ಸಾಕೆಟ್‌ಗೆ ಕ್ಯಾಟ್ 2, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಕ್ಯಾಟ್ 3. ಯಾವ ದರ್ಜೆಯೂ ನಮೂದಾಗಿರದ ಮೀಟರನ್ನು ಬ್ಯಾಟರಿ, ಟ್ರಾನ್ಸಿಸ್ಟರ್ ಕೆಲಸಕ್ಕೇ ಮೀಸಲಿಡಿ.

ನಂಬಿಕೆ: ಕೆಲಸ ಮುಗಿದ ಮೇಲೆ ನಾಬ್ ಎಲ್ಲಿದ್ದರೇನು?

ಸತ್ಯ: ಓಮ್‌ನಲ್ಲಿ ಬಿಟ್ಟ ಮೀಟರನ್ನು ಮುಂದಿನವರು ನೋಡದೆ ಸಾಕೆಟ್‌ಗೆ ಹಚ್ಚಿದರೆ ಒಳಗಿನ ರೆಸಿಸ್ಟರ್ ಸುಡುತ್ತದೆ. ಆಫ್ ಗುರುತಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಅತಿ ದೊಡ್ಡ ಎಸಿ ವೋಲ್ಟ್ ರೇಂಜಿಗೆ ತಿರುಗಿಸಿಡಿ.