ಶಿವಾಜಿನಗರದಲ್ಲಿ ಬಾಡಿಗೆ, ಊರಲ್ಲಿ ಮಣ್ಣಿನ ಮನೆ

ರಸೆಲ್ ಮಾರ್ಕೆಟ್‌ನಲ್ಲಿ ದುಡಿಮೆ, ಶಿವಾಜಿನಗರದ ಗಲ್ಲೀಲಿ ಬಾಡಿಗೆ ಕೋಣೆ. ಊರಲ್ಲಿ ಹೆಂಡತಿ ಮಕ್ಕಳು ಇನ್ನೂ ಮಣ್ಣಿನ ಗೋಡೆಯ ಮನೇಲೇ. ಸರ್ಕಾರ ಮನೆ ಕಟ್ಟೋಕೆ ದುಡ್ಡು ಕೊಡುತ್ತಾ?

ಕೊಡುತ್ತೆ. ಪ್ರಧಾನಮಂತ್ರಿ ಆವಾಸ್ ಯೋಜನೆ, ಗ್ರಾಮೀಣ. ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಇದು ಸಾಲ ಅಲ್ಲ, ಸಹಾಯಧನ. ಮನೆ ಮೇಲೇಳ್ತಾ ಇದ್ದ ಹಾಗೆ ಕಂತಲ್ಲಿ ಖಾತೆಗೆ ಬರುತ್ತೆ. ಸಾಲಲಿಲ್ವಾ? ಬ್ಯಾಂಕಿಂದ 70 ಸಾವಿರದವರೆಗೆ ಸಾಲ ಕೇಳಬಹುದು.

ಆದ್ರೆ ತಡೀರಿ. ಸ್ವಂತ ಆಟೋ ಇದ್ಯಾ? ಹಾಗಾದ್ರೆ ಅರ್ಹತೆ ಇಲ್ಲ. ಮೂರು ಚಕ್ರವೂ ಲೆಕ್ಕಕ್ಕೆ ಬರುತ್ತೆ. ಬೈಕ್ ಇದ್ರೆ ಪರವಾಗಿಲ್ಲ, ಬೈಕ್ ಇರಬಾರದು ಅನ್ನೋ ಷರತ್ತು 2024ರಲ್ಲಿ ಹೋಯ್ತು. ಕುಟುಂಬದಲ್ಲಿ ಒಬ್ಬರ ಸಂಪಾದನೆ ತಿಂಗಳಿಗೆ 15 ಸಾವಿರ ದಾಟಿದ್ರೂ ಹೊರಗೆ. ಬೆಂಗಳೂರಲ್ಲಿ ದುಡಿಯೋರಿಗೆ ಇದು ತೀರಾ ಬಿಗಿ, ಬಿಡಿ.

ವಿಚಾರಿಸಬೇಕಾದ್ದು ಇಲ್ಲಿನ ವಾರ್ಡ್ ಕಚೇರೀಲಲ್ಲ, ನಿಮ್ಮೂರ ಗ್ರಾಮ ಪಂಚಾಯಿತೀಲಿ. ಈ ಯೋಜನೆಯ ಫಲಾನುಭವಿಗಳ ಪಟ್ಟೀಲಿ ಹೆಸರಿದ್ಯಾ ಅಂತ ಮೊದಲು ಕೇಳಿ.