ಕಾಡು ಮಲ್ಲೇಶ್ವರಕ್ಕೆ ವಾನಪ್ರಸ್ಥ

ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತ ಮೇಲೆ ಗೃಹಸ್ಥನು ಊರು ತೊರೆದು ಕಾಡಿಗೆ ಹೋಗಬೇಕೆಂಬುದು ಹಳೆಯ ಆಶ್ರಮಧರ್ಮದ ಲೆಕ್ಕ. ಇಂದಿನ ಬೆಂಗಳೂರಿನಲ್ಲಿ ಈ ಪಯಣ ತಿರುವುಮುರುವಾಗಿದೆ. ಮೂವತ್ತು ವರ್ಷಗಳ ಹಿಂದೆ ಊರಾಚೆಯ ಬಡಾವಣೆಯಲ್ಲಿ ನಿವೇಶನ ಕೊಂಡು, ಸಾಲಸೋಲ ಮಾಡಿ ಮನೆ ಕಟ್ಟಿಸಿದವರಲ್ಲಿ ಕೆಲವರು ಐವತ್ತೈದು, ಅರವತ್ತರ ಅಂಚಿನಲ್ಲಿ ಆ ಮನೆಯನ್ನು ಮಾರಿಯೋ ಬಾಡಿಗೆಗೆ ಕೊಟ್ಟೋ ನಗರದ ನಡುವಿನ ಮಲ್ಲೇಶ್ವರಕ್ಕೋ ಬಸವನಗುಡಿಗೋ ಬರುತ್ತಾರೆ. ಸಿಗುವ ಮನೆ ಚಿಕ್ಕದು, ತೆರಬೇಕಾದ ಹಣ ಹೆಚ್ಚು, ಕಾರು ನಿಲ್ಲಿಸಲು ಜಾಗವಿಲ್ಲ. ಆದರೂ ಏಕೆ ಬರುತ್ತಾರೆ? ಉತ್ತರ ಈ ಬಡಾವಣೆಗಳು ಹುಟ್ಟಿದ ಬಗೆಯಲ್ಲೇ ಇದೆ.

ಮಲ್ಲೇಶ್ವರವನ್ನೇ ನೋಡೋಣ. ಅದೂ ಒಂದು ಕಾಲಕ್ಕೆ ಕಾಡೇ ಆಗಿತ್ತು. ಇಲ್ಲಿಯ ದೇವರ ಹೆಸರಿಗೆ ಆ ಮಾತು ಇಂದಿಗೂ ಅಂಟಿಕೊಂಡಿದೆ. ಶಿವಾಜಿಯ ಮಲಸಹೋದರ ಏಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಮಲ್ಲಿಕಾರ್ಜುನ ಸ್ವಾಮಿಗೆ ದತ್ತಿ ಬಿಟ್ಟುದನ್ನು 1669ರ ಶಾಸನ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಸರ್ಕಾರ ಇಲ್ಲಿ ಹೊಸ ಬಡಾವಣೆಯ ಯೋಜನೆ ಹಾಕಿತು. ಅದರ ಕೆಲಸಕ್ಕೆ ವೇಗ ಬಂದದ್ದು ಮಾತ್ರ ಭಯದಿಂದ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟು ಮನೆಗಳಲ್ಲಿದ್ದವರು ಕಂಡ ಕಂಡ ಬಯಲಿಗೆ ಓಡಿದರು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ತುಂಬತೊಡಗಿದ್ದು ಹೀಗೆ. ಇಂದು ‘ಹಳೆಯ ಬೆಂಗಳೂರು’ ಎಂದು ಕರೆಸಿಕೊಳ್ಳುವ ಇವೆರಡೂ ಪೇಟೆಯನ್ನು ಬಿಟ್ಟು ಬಂದವರು ಕಟ್ಟಿಕೊಂಡ ಹೊಸ ಊರುಗಳು.

ರೋಗದ ಭಯ ಬಡಾವಣೆಯ ಆಕಾರದಲ್ಲೂ ಕಾಣುತ್ತದೆ. ಗಾಳಿ ಬೆಳಕು ಬರಲೆಂದು ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಕಾಂಪೌಂಡು, ಅದರಲ್ಲಿ ಮಾವು, ತೆಂಗು. ಹಿತ್ತಿಲುಗಳ ನಡುವೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು. ಒಳಚರಂಡಿ ಇಲ್ಲದ ಆ ದಿನಗಳಲ್ಲಿ ಮಲ ಹೊರುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಅವನ್ನು ಬಿಡಲಾಗಿತ್ತು. ನಿವೇಶನ ಹಂಚುವಾಗ ಜಾತಿಯ ಲೆಕ್ಕವೂ ನಡೆದಿತ್ತು. ಹಳೆಯ ಬಡಾವಣೆಯ ಸೊಬಗನ್ನು ಕೊಂಡಾಡುವಾಗ ಈ ಮಾತನ್ನು ಮರೆಯಲಾಗದು.

ಇನ್ನೊಂದು ಸಂಗತಿ ಇದೆ. ಆಗ ಜನ ಓಡಾಡುತ್ತಿದ್ದುದು ಕಾಲ್ನಡಿಗೆಯಲ್ಲಿ, ಹೆಚ್ಚೆಂದರೆ ಜಟಕಾ ಗಾಡಿಯಲ್ಲಿ. ಆದ್ದರಿಂದ ದೇವಸ್ಥಾನ, ಶಾಲೆ, ಮಾರುಕಟ್ಟೆ ಎಲ್ಲವೂ ನಡೆದು ಮುಟ್ಟುವ ದೂರದಲ್ಲೇ ಬೆಳೆದವು. ಎಂಟನೇ ಕ್ರಾಸಿನ ಹೂವು ಹಣ್ಣಿನ ಸಾಲು, ಸಂಪಿಗೆ ರಸ್ತೆಯ ಅಂಗಡಿಗಳು, ತಿಂಡಿಯ ಹೋಟೆಲು, ಔಷಧಿ ಅಂಗಡಿ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ, ರೈಲು ನಿಲ್ದಾಣ ಇವೆಲ್ಲ ಒಂದು ಚೀಲ ಹಿಡಿದು ಹೋಗಿ ಬರುವಷ್ಟು ಹತ್ತಿರ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಕೂಡ ಬಂತು.

ನಲವತ್ತರ ಹರೆಯದಲ್ಲಿ ಇದು ಅನುಕೂಲ, ಅಷ್ಟೆ. ಎಪ್ಪತ್ತರಲ್ಲಿ ಇದೇ ಸ್ವಾತಂತ್ರ್ಯ. ಊರಾಚೆಯ ಬಡಾವಣೆಯಲ್ಲಿ ಕಣ್ಣು ಮಂಜಾಗಿ ಸ್ಕೂಟರು, ಕಾರು ಬಿಟ್ಟ ದಿನವೇ ಮನುಷ್ಯ ದ್ವೀಪವಾಸಿಯಾಗುತ್ತಾನೆ. ಹಾಲಿಗೂ ಮಾತ್ರೆಗೂ ಇನ್ನೊಬ್ಬರ ಬಿಡುವನ್ನು ಕಾಯಬೇಕಾಗುತ್ತದೆ. ಹಳೆಯ ಬಡಾವಣೆ ಮುಪ್ಪನ್ನು ತಡೆಯದು; ಪರಾವಲಂಬನೆಯ ದಿನವನ್ನು ಒಂದಿಷ್ಟು ಮುಂದಕ್ಕೆ ಹಾಕುತ್ತದೆ.

ಆದರೆ ಬಡಾವಣೆ ಬೇರೆ, ಮನೆ ಬೇರೆ. ಹಳೆಯ ಮನೆಯ ಜಗಲಿ, ಕೆಂಪು ನೆಲ, ಹೆಂಚಿನ ಮಾಡು ನೋಡಲು ಚೆಂದ. ಎತ್ತರದ ಹೊಸ್ತಿಲು, ಕಡಿದಾದ ಮೆಟ್ಟಿಲು, ಹಿತ್ತಿಲ ಕಡೆಯ ಬಚ್ಚಲು ಮಂಡಿನೋವಿನವರಿಗೆ ನಿತ್ಯದ ಪರೀಕ್ಷೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರೂ ಈಗ ಸುಲಭಕ್ಕೆ ಸಿಗರು. ಹೀಗಾಗಿ ಹೊಸದಾಗಿ ಬರುವವರು ಬಯಸುವುದು ಲಿಫ್ಟ್ ಇರುವ ಫ್ಲಾಟನ್ನು. ಆ ಫ್ಲಾಟು ಏಳುವುದಾದರೂ ಎಲ್ಲಿ? ಕೆಡವಿದ ಹಳೆಯ ಮನೆಯ ಜಾಗದಲ್ಲಿಯೇ.

ಮನೆ ಕೆಡವುವುದಕ್ಕೆ ದುರಾಸೆಯೊಂದೇ ಕಾರಣವಲ್ಲ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಕ್ಕಳ ಕಾಲಕ್ಕೆ ಹತ್ತಾರು ಹಕ್ಕುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ನ್ಯಾಯವಾದ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು. ಒಂದು ಅಡುಗೆಮನೆ, ಒಂದು ಬಾವಿಯ ಮನೆಯನ್ನು ಹತ್ತು ಪಾಲು ಮಾಡಲಾಗುವುದಿಲ್ಲ; ಮಾರಿದ ಹಣವನ್ನು ಮಾಡಬಹುದು. ಬಿಲ್ಡರ್ ಬರುತ್ತಾನೆ, ಮರ ಉರುಳುತ್ತದೆ, ಒಂದು ಸಂಸಾರವಿದ್ದಲ್ಲಿ ಎಂಟು ಸಂಸಾರಗಳು ನೆಲೆಸುತ್ತವೆ. ಪಕ್ಕದಲ್ಲಿ ವಠಾರವಿದ್ದರೆ ಅದಕ್ಕೂ ಅದೇ ಗತಿ. ಅಲ್ಲಿದ್ದ ಹೂ ಕಟ್ಟುವವರು, ಅಡುಗೆಯವರು, ದರ್ಜಿಗಳು ಊರಾಚೆಗೆ ಸಾಗುತ್ತಾರೆ. ಮುಪ್ಪಿನಲ್ಲಿ ಯಾರ ನೆರವು ಬೇಕೆಂದು ಇಲ್ಲಿಗೆ ಬಂದರೋ, ಬಂದವರ ಬೇಡಿಕೆಯೇ ಅವರನ್ನು ದೂರ ತಳ್ಳುತ್ತದೆ. ಈ ವಿಪರ್ಯಾಸಕ್ಕೆ ಸುಲಭದ ಪರಿಹಾರವಿಲ್ಲ. ಹಳೆಯ ಕಟ್ಟಡದಲ್ಲೇ ನೆಲಮಹಡಿಯ ಭಾಗವನ್ನು ಬಾಡಿಗೆಗೋ ಭೋಗ್ಯಕ್ಕೋ ಹಿಡಿದು, ಬಚ್ಚಲನ್ನು ಒಳಗೆ ತಂದು, ಹಿಡಿಗಂಬಿ ಹಾಕಿಸಿಕೊಂಡು ಇರುವವರು ಹಾನಿಯನ್ನು ಕಡಿಮೆ ಮಾಡುತ್ತಾರೆ ಎಂದಷ್ಟೇ ಹೇಳಬಹುದು. ಹಾಗೆ ಮನೆ ಹುಡುಕುವಾಗಲೂ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಅನೇಕರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ನಿವೇಶನ ಹಂಚಿಕೆಯ ಕಾಲದ ಗೆರೆಗಳು ಪೂರಾ ಅಳಿಸಿಲ್ಲ.

ಇನ್ನು ವಯಸ್ಸಿನ ಮಾತು. ಹಳೆಯ ಬಡಾವಣೆಗೆ ಎಪ್ಪತ್ತೈದರಲ್ಲಿ ಬರುವುದಕ್ಕಿಂತ ಐವತ್ತೈದರಲ್ಲಿ ಬರುವುದು ಮೇಲು. ಇಲ್ಲಿಯ ನಿಜವಾದ ಆಸ್ತಿ ಪರಿಚಯ. ಎರಡು ದಿನ ಕಾಣದಿದ್ದರೆ “ಏನ್ ಸಾರ್, ಊರಲ್ಲಿರಲಿಲ್ವಾ?” ಎಂದು ಕೇಳುವ ಹೂವಿನವಳು, ಚೀಟಿ ಇಲ್ಲದೆಯೇ ರಕ್ತದೊತ್ತಡದ ಮಾತ್ರೆಯ ಹೆಸರು ನೆನಪಿಟ್ಟ ಅಂಗಡಿಯವ, ಕೆರೆಯ ದಂಡೆಯ ವಾಕಿಂಗ್ ಗೆಳೆಯರು, ಸಂಗೀತ ಕಚೇರಿಯಲ್ಲಿ ಪಕ್ಕದ ಕುರ್ಚಿ ಹಿಡಿದಿಡುವವರು ಮನೆಯ ಕ್ರಯಪತ್ರದ ಜತೆ ಬರುವುದಿಲ್ಲ. ಅವರನ್ನು ಸಂಪಾದಿಸಲು ಹತ್ತು ವರ್ಷಗಳ ನಡಿಗೆ ಬೇಕು, ನಡೆಯಲು ಕಾಲಲ್ಲಿ ಶಕ್ತಿ ಇರಬೇಕು. ಕಾಲು ಸೋತ ಮೇಲೆ ಬಂದವರಿಗೆ ಮಲ್ಲೇಶ್ವರವೂ ಕಿಟಕಿಯಾಚೆಯ ಒಂದು ರಸ್ತೆ, ಅಷ್ಟೆ.

ಬಂದವರು ಊರಿನ ರೂಢಿಗೆ ಹೊಂದಿಕೊಳ್ಳುವುದೂ ಅಗತ್ಯ. ಸಾಮಾನೆಲ್ಲ ಫೋನಿನಲ್ಲೇ ತರಿಸಿಕೊಂಡರೆ ಅಂಗಡಿಯವನ ಮುಖ ಯಾರಿಗೂ ತಿಳಿಯದು, ಅಂಗಡಿಯೂ ಹೆಚ್ಚು ದಿನ ಉಳಿಯದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯ ಕಾಲದಲ್ಲಿ ಬಾವಿಕಟ್ಟೆಗೆ ಹೋಗದೆ ವಿಧಿಯಿರಲಿಲ್ಲ. ಇಂದು ನೀರು ಕೊಳಾಯಿಯಲ್ಲಿ ಒಳಗೇ ಬರುತ್ತದೆ. ಬಾವಿಕಟ್ಟೆಗೆ ಹೋಗುವುದು ಈಗ ಅವರವರ ಇಚ್ಛೆಗೆ ಬಿಟ್ಟದ್ದು.